ಕತ್ತರಿಯ ಬಾಲ, ನಾಲ್ಕು ಗಂಟೆಯ ಲಿಸ್ಟು

ಕ್ಷೌರದ ಕತ್ತರಿಯಲ್ಲಿ ಬೆರಳು ತೂರಿಸುವ ಬಳೆಗಳು ಎರಡು. ಅವುಗಳಲ್ಲಿ ಒಂದಕ್ಕೆ ಮಾತ್ರ ಹೊರಕ್ಕೆ ಚಾಚಿದ ಸಣ್ಣ ಬಾಲವಿರುತ್ತದೆ. ಸಾಂತಾಕ್ರೂಜ್‌ನಲ್ಲಿ ನಾನು ಈಗ ಹೋಗುವ ಸಲೂನಿನವನನ್ನು ಅದೇಕೆಂದು ಕೇಳಿದೆ. ಅವನು ಕತ್ತರಿಯನ್ನು ತಿರುಗಿಸಿ ನೋಡಿ, "ಡಿಜೈನ್ ಹೈ ಸಾಬ್" ಎಂದ. ಹಾಗೆನ್ನುವಾಗ ಅವನ ಕಿರುಬೆರಳು ಆ ಬಾಲದ ಮೇಲೆಯೇ ಕೂತಿತ್ತು.

ಉತ್ತರ ನನಗೆ ಗೊತ್ತಿತ್ತು. ಅದನ್ನು ಹೇಳಿಕೊಟ್ಟವರು ಹೋದ ತಿಂಗಳು ದಹಿಸರ್‌ನಲ್ಲಿ ತೀರಿಕೊಂಡರು. ಪೆನ್ಶನ್ ಕಾಗದಗಳ ಸಲುವಾಗಿ ಅವರ ಅಳಿಯ ನಮ್ಮ ಆಸ್ಪತ್ರೆಯ ಆಫೀಸಿಗೆ ಬಂದಾಗ ತಿಳಿಯಿತು. ಅರ್ಜಿಯನ್ನು ನಾನೇ ಟೈಪ್ ಮಾಡಿಕೊಟ್ಟೆ. ಹೆಸರಿನ ಜಾಗಕ್ಕೆ ಬಂದಾಗ ಬೆರಳುಗಳು ಒಂದು ಕ್ಷಣ ನಿಂತವು. ಮರೆತಿರಲಿಲ್ಲ; ತಿಂಗಳಿಗೊಮ್ಮೆ ಹಾಜರಿ ಪಟ್ಟಿಯಲ್ಲಿ ಆ ಹೆಸರನ್ನು ಟೈಪ್ ಮಾಡಿದವನು ನಾನೇ. ಆದರೆ ಆ ಹೆಸರಿನಿಂದ ಅವರನ್ನು ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ಮುಂಬಯಿಯ ಆಸ್ಪತ್ರೆಗಳಲ್ಲಿ ವಾರ್ಡಿನ ಗಂಡು ನೌಕರರೆಲ್ಲ ಮಾಮಾ, ಹೆಣ್ಣು ನೌಕರರೆಲ್ಲ ಮಾವ್ಶಿ. ನಾನು ಮಾತ್ರ ಕಾಕಾ ಎನ್ನುತ್ತಿದ್ದೆ. ಇಲ್ಲಿ ಅವರ ಹೆಸರು ಬರೆದರೆ ನನಗೇ ಪರಿಚಯವಿಲ್ಲದ ಯಾರೋ ಬಂದು ನಿಂತಂತಾಗುತ್ತದೆ.

ಎತ್ತರದ ಆಳು ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ನಾನು ಕುರ್ಚಿಯಲ್ಲಿ ಕೂತಿರುತ್ತಿದ್ದೆ, ಅವರು ನನ್ನ ಮೇಜಿಗೆ ಆತು ನಿಂತಿರುತ್ತಿದ್ದರು. ಎತ್ತರ ಅಲ್ಲಿಂದ ಬಂದಿರಬೇಕು. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಖಾಕಿ ಅಂಗಿ, ಜೇಬಿನಲ್ಲಿ ಕಪ್ಪು ಬಾಚಣಿಗೆ, ಮುಖದ ಮೇಲೆ ಯಾವಾಗಲೂ ಮೂರು ದಿನದ ಗಡ್ಡ.

"ಮಂದೀದೆಲ್ಲಾ ಮಾಡತೀರಿ ಕಾಕಾ, ನಿಮ್ಮದು ಯಾರು ಮಾಡಬೇಕು?" ಎಂದು ಒಮ್ಮೆ ಕೇಳಿದ್ದೆ.

"ಡಾಕ್ಟರ್ ತನಗ ತಾನ ಸೂಜಿ ಚುಚ್ಕೋತಾನೇನ್ರಿ ಸಾಹೇಬ್ರ?" ಎಂದಿದ್ದರು.

ಅರವತ್ತರ ದಶಕದ ಕೊನೆಯಲ್ಲಿ ನಾನು ಪರೇಲಿನ ಆ ಆಸ್ಪತ್ರೆಗೆ ಗುಮಾಸ್ತನಾಗಿ ಸೇರಿದೆ. ಧಾರವಾಡದಿಂದ ಬಂದವನು, ಟೈಪಿಂಗ್ ಪರೀಕ್ಷೆ ಪಾಸು ಮಾಡಿದವನು. ಬೇರೆ ಅರ್ಹತೆ ಇರಲಿಲ್ಲ. ಮರುದಿನ ಆಪರೇಶನ್ ಆಗಬೇಕಾದವರ ಲಿಸ್ಟನ್ನು ದಿನವೂ ಮಧ್ಯಾಹ್ನ ಇಂಗ್ಲಿಷಿನಲ್ಲಿ ಟೈಪ್ ಮಾಡುವುದು ನನ್ನ ಕೆಲಸ. ಬೆಡ್ ನಂಬರು, ರೋಗ, ಎಡವೋ ಬಲವೋ. ಆ ಲಿಸ್ಟು ಹಿಡಿದು ವಾರ್ಡಿಗೆ ಹೋಗಿ, ಕೊಯ್ಯಬೇಕಾದ ಜಾಗದ ಕೂದಲು ತೆಗೆದು ಚರ್ಮವನ್ನು ತಯಾರು ಮಾಡುವುದು ಅವರ ಕೆಲಸ. ಬಿಜಾಪುರದ ಕಡೆಯ ಕ್ಷೌರಿಕರ ಮನೆಯವರು. ಆಸ್ಪತ್ರೆಯಲ್ಲಿ ಎಷ್ಟೋ ವರ್ಷ ಕಳೆದಿದ್ದರೂ ಟೆಂಪರರಿ. ಪರ್ಮನೆಂಟ್ ಆಗುವುದನ್ನು ಅವರು ಊರಿನ ಬಸ್ಸಿಗೆ ಕಾದಂತೆ ಕಾಯುತ್ತಿದ್ದರು, ತಕರಾರಿಲ್ಲದೆ, ಆದರೆ ರಸ್ತೆಯಿಂದ ಕಣ್ಣು ಕೀಳದೆ.

ಮೊದಲ ದಿನ ನಾಲ್ಕು ಗಂಟೆಗೆ ಬಂದು ಲಿಸ್ಟನ್ನು ಕೈಗೆ ತೆಗೆದುಕೊಂಡರು, ನೋಡಿದರು, ಮೇಜಿನ ಮೇಲೆ ಇಟ್ಟರು.

"ಚಾಳೀಸ ಮನ್ಯಾಗ ಬಿಟ್ಟೇನ್ರಿ. ಒಂದೀಟು ಓದಿ ಹೇಳ್ರಿ."

ಆ ಚಾಳೀಸು, ಓದುವ ಕನ್ನಡಕ, ಮುಂದೆ ವರ್ಷಗಟ್ಟಲೆ ದಹಿಸರ್‌ನ ಮನೆಯಲ್ಲೇ ಉಳಿಯಿತು. ಅದಿಲ್ಲದೆಯೂ ಅವರು ಸೊಳ್ಳೆ ರೆಕ್ಕೆಯಂಥ ಕೂದಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಕನ್ನಡದಲ್ಲಿ ಓದುತ್ತಿದ್ದೆ. ಅವರು ಬ್ಲೇಡು ಸುತ್ತಿ ಬಂದ ತೆಳು ಕಾಗದದ ಮೇಲೆ ಬೆಡ್ಡಿಗೆ ಇಷ್ಟು ಗೆರೆ ಎಂದು ಎಳೆದುಕೊಂಡು, ಎಡವಾದರೆ ಕಾಗದದ ಎಡಮೂಲೆ, ಬಲವಾದರೆ ಬಲಮೂಲೆ ಮಡಿಚುತ್ತಿದ್ದರು. ಒಬ್ಬ ರೋಗಿಗೆ ಒಂದು ಕಾಗದ. ಏಳು ಜನರಿದ್ದರೆ ಏಳು ಕಾಗದ, ಜೇಬಿನಲ್ಲಿ ಇಸ್ಪೀಟಿನ ಎಲೆಗಳ ಹಾಗೆ.

ಓದುವ ಮೊದಲು ಅವರದೊಂದು ಪ್ರಶ್ನೆ ಇರುತ್ತಿತ್ತು. ಕತ್ತರಿಯ ಬಾಲದಿಂದ ಶುರುವಾಯಿತು.

"ಹೇಳ್ರಿ, ಇದು ಯಾಕೈತಿ?"

"ಚಂದ ಕಾಣ್ಲಿಕ್ಕೆ."

"ಬಾಲ ಇದ್ರ ಚಂದ ಕಾಣೂದು ಮಂಗ್ಯಾ. ಇಲ್ಲಿ ಕಿರಿಬೆರಳು ಇಡ್ರಿ. ಈಗ ಕತ್ತರಿ ಆಡಸ್ರಿ. ಈಗ ಬೆರಳು ತಗೀರಿ, ಆಡಸ್ರಿ. ಫರಕ್ ತಿಳೀತೇನ?"

ತಿಳಿಯಿತು. ಬೆರಳಿದ್ದಾಗ ಕತ್ತರಿ ಕೈಯ ಭಾಗವಾಗಿತ್ತು. ಬೆರಳು ತೆಗೆದಾಗ ತುದಿ ಹೊರಳಿ ಎಲ್ಲಿ ಬೇಕಾದರೂ ಹೋಗುತ್ತಿತ್ತು.

"ಕಿವಿ ಹಿಂದ ಕತ್ತರಸೂವಾಗ ತುದಿ ಹೊಳ್ಳಿತಂದ್ರ ಮುಗೀತು. ಮೊದಲಿನ ಕತ್ತರಿಗೆ ಇದು ಇದ್ದಿರಾಕಿಲ್ರಿ. ಯಾರದೋ ಕಿವಿ ಹರದಿರತೈತಿ, ಆಮ್ಯಾಲೆ ಬಾಲ ಬಂದಿರತೈತಿ."

ಅವರ ಶಾಸ್ತ್ರವೆಲ್ಲ ಇಷ್ಟೇ. ಉಪಕರಣದ ಮೇಲಿನ ಒಂದೊಂದು ಗುಬಟು, ತೂತು, ಹಲ್ಲಿನ ಹಿಂದೆಯೂ ಒಂದು ಗಾಯವಿದೆ. ಗಾಯ ಮಾಯುತ್ತದೆ, ಗುಬಟು ಉಳಿಯುತ್ತದೆ. ಬಾಚಣಿಗೆಯ ಎರಡು ತುದಿಯ ಹಲ್ಲುಗಳು ದಪ್ಪವಾಗಿರುವುದು ಜೇಬಿನಲ್ಲಿ, ಚೀಲದಲ್ಲಿ ನಡುವಿನ ಹಲ್ಲುಗಳ ಪೆಟ್ಟನ್ನು ತಾವು ತಿನ್ನುವುದಕ್ಕೆ. ಹಳೆಯ ಮಡಿಚುವ ಕತ್ತಿಯ ಮೂಗು ದುಂಡಗಿರುವುದು ಕೆನ್ನೆಗೆ ಚುಚ್ಚದಿರಲಿಕ್ಕೆ. ಅದರ ಬೆನ್ನು ದಪ್ಪಗಿರುವುದು ಮಸೆಯುವವನಿಗಾಗಿ.

"ಕಲ್ಲಿನ ಮ್ಯಾಲೆ ಮಲಗಿಸಿದ್ರ ಬೆನ್ನೂ ಹತ್ತತೈತಿ, ಅಲಗೂ ಹತ್ತತೈತಿ. ಎಷ್ಟು ಓರೆ ಹಿಡೀಬೇಕು ಅನ್ನೂದು ಬೆನ್ನು ಹೇಳತೈತಿ. ನಾ ಹೇಳೂದಲ್ಲ, ನಮ್ಮಪ್ಪ ಹೇಳೂದಲ್ಲ."

ಆಸ್ಪತ್ರೆ ಕೊಟ್ಟಿದ್ದ ಸೇಫ್ಟಿ ರೇಜರಿನಲ್ಲಿ ಬ್ಲೇಡಿನ ಕೆಳಗೆ ಬಾಚಣಿಗೆಯಂಥ ಹಲ್ಲುಗಳಿದ್ದವು. ಒಂದು ಸಲ ಸ್ಟೋರಿನವರು ಹಲ್ಲಿಲ್ಲದ, ನುಣುಪು ಅಂಚಿನ ಹೊಸ ರೇಜರುಗಳನ್ನು ತರಿಸಿದರು. ಕಾಕಾ ನನ್ನಿಂದ ಒಂದು ಅರ್ಜಿ ಬರೆಸಿದರು. ದಿನಾ ದಾಡಿ ಮಾಡುವವರಿಗೆ ನುಣುಪಿನದು ಸರಿ. ಪೇಶಂಟುಗಳದ್ದು ಹುಟ್ಟಿದಾಗಿನಿಂದ ಯಾರೂ ಮುಟ್ಟದ ಜಾಗ, ಉದ್ದ ಕೂದಲು ಹಲ್ಲಿನ ನಡುವೆ ಹಾದು ಬರಬೇಕು, ಇಲ್ಲದಿದ್ದರೆ ಅಂಚು ಕೂದಲನ್ನು ಮಲಗಿಸಿಬಿಡುತ್ತದೆ, ಬ್ಲೇಡು ಜಗ್ಗುತ್ತದೆ. ಸ್ಟೋರ್‌ಕೀಪರ್ ಅದನ್ನು ಗಟ್ಟಿಯಾಗಿ ಓದಿ ನಕ್ಕರು. ರೇಜರು ಬದಲಾಗಲಿಲ್ಲ. ಕಾಕಾ ಹಳೆಯದೊಂದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡು ಅದನ್ನೇ ಬಳಸಿದರು.

ಅವರು ಹೇಳಿದ್ದೆಲ್ಲ ನಿಜವೆಂದು ನಾನು ನಂಬುವುದಿಲ್ಲ. ಬ್ಲೇಡಿನ ನಾಲ್ಕು ಮೂಲೆಗಳನ್ನು ಏಕೆ ಕಡಿದಿರುತ್ತಾರೆ ಎಂಬುದಕ್ಕೆ ಒಮ್ಮೆ, ರೇಜರು ಕೈಜಾರಿ ಬಿದ್ದರೆ ಮೊದಲ ಪೆಟ್ಟು ಮೂಲೆಗೆ, ಮೂಲೆಯೇ ಇಲ್ಲದಿದ್ದರೆ ಅಲಗು ಸೀಳುವುದಿಲ್ಲ ಎಂದರು. ಇನ್ನೊಮ್ಮೆ, ಬ್ಲೇಡು ಹಿಡಿದು ರೇಜರಿಗೆ ಕೂಡಿಸುವಾಗ ಬೆರಳಿಗೆ ಜಾಗ ಬೇಕಲ್ಲ ಎಂದರು.

"ಖರೇ ಯಾವುದು ಕಾಕಾ?"

"ಎರಡೂ ಇರಬಹುದ್ರಿ. ಮಾಡಿದಾಂವ ಸಿಕ್ರ ಕೇಳ್ರಿ."

ದಿನವೂ ಸೋಲುವುದು ನನಗೆ ಕಿರಿಕಿರಿಯಾಗಿರಬೇಕು. ನನ್ನಲ್ಲಿಯೂ ಒಂದು ಕಸಬು ಇದೆ ಎಂದು ತೋರಿಸಬೇಕಿತ್ತು. ಟೈಪ್ ಮಾಡಿದ್ದು ನನಗೆ ಹಾಗೆಯೇ ನೆನಪಿರುತ್ತಿತ್ತು. ಒಂದು ದಿನ ಲಿಸ್ಟನ್ನು ಮುಟ್ಟದೆ, ಕಿಟಕಿಯ ಕಡೆ ನೋಡುತ್ತ, ಬೆಡ್ಡು, ರೋಗ, ಎಡ, ಬಲ ಎಲ್ಲವನ್ನೂ ಹೇಳಿದೆ. ಕಾಕಾ ಪೆನ್ಸಿಲು ನಿಲ್ಲಿಸಿ ನನ್ನನ್ನೇ ನೋಡಿದರು.

"ಭಾಳ ಶಾಣ್ಯಾ ಇದ್ದೀರಿ. ಆದ್ರ ಕಾಗದ ಯಾಕ ಮಾಡ್ಯಾರ?"

ಅದನ್ನು ಮೆಚ್ಚುಗೆ ಎಂದೇ ತಿಳಿದೆ. ಆಮೇಲೆ ದಿನವೂ ಹಾಗೆಯೇ ಹೇಳತೊಡಗಿದೆ. ಎಷ್ಟು ತಿಂಗಳೋ. ಒಂದೂ ತಪ್ಪಾಗಿರಲಿಲ್ಲ.

ತಪ್ಪಾದದ್ದು ಒಂಬತ್ತನೆಯ ಬೆಡ್ಡಿಗೆ. ಹರ್ನಿಯಾ, ಎಡಗಡೆ ಎಂದು ಕಾಗದದಲ್ಲಿತ್ತು. ನಾನೇ ಟೈಪ್ ಮಾಡಿದ್ದೆ. ಬಾಯಲ್ಲಿ ಬಲಗಡೆ ಎಂದೆ. ಕಾಕಾ ಕಾಗದದ ಬಲಮೂಲೆ ಮಡಿಚಿದರು.

ಮಲಗಿದರೆ ಹರ್ನಿಯಾದ ಗಂಟು ಒಳಗೆ ಸರಿದುಹೋಗುತ್ತದೆ. ಹೊರಗಿನಿಂದ ಎಡಬಲ ತಿಳಿಯುವುದಿಲ್ಲ. ರೋಗಿ ಗಿರಣಿಯ ಕೆಲಸಗಾರ. ತಪ್ಪು ಕಡೆ ಸೋಪು ಹಚ್ಚಿದಾಗಲೂ ಅವನು ಬಾಯಿ ಬಿಡಲಿಲ್ಲ. ಇವರು ಆ ಕಡೆಯಿಂದ ಕೊಯ್ದು ಈ ಕಡೆಗೆ ಬರುತ್ತಾರೆ ಎಂದುಕೊಂಡಿದ್ದೆ ಎಂದು ಆಮೇಲೆ ಹೇಳಿದನಂತೆ. ಬೆಳಿಗ್ಗೆ ಥಿಯೇಟರಿನಲ್ಲಿ ಸೊಂಟದ ಕೆಳಗೆ ಮರಗಟ್ಟಲು ಸೂಜಿ ಕೊಟ್ಟು, ಹಸಿರು ಬಟ್ಟೆ ಹೊದಿಸಿ, ಬೋಳಿಸಿದ ಭಾಗವನ್ನಷ್ಟೇ ತೆರೆದಿಟ್ಟಿದ್ದರು. ಸರ್ಜನ್ ಆ ಕಡೆ ಬಂದು ನಿಂತದ್ದನ್ನು ನೋಡಿ ಅವನಿಗೆ ಧೈರ್ಯ ಬಂತು.

"ಹೀ ಬಾಜೂ ನಾಹೀ ಸಾಹೇಬ," ಎಂದನಂತೆ. ಈ ಕಡೆಯಲ್ಲ.

ಸರ್ಜನ್ ಚಾಕು ಕೆಳಗಿಟ್ಟು, ಲಿಸ್ಟು ತರಿಸಿ ನೋಡಿದರು. ಲಿಸ್ಟು ಸರಿಯಾಗಿಯೇ ಇತ್ತು.

ಅದೇ ಮಧ್ಯಾಹ್ನ ಸೂಪರಿಂಟೆಂಡೆಂಟರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಹೇಳಿಕೆ ಬರೆದುಕೊಳ್ಳಲು ಗುಮಾಸ್ತ ಬೇಕಿತ್ತು, ನನ್ನನ್ನೇ ಕರೆದರು. ಕಾಕಾ ಮೇಜಿನ ಮುಂದೆ ನಿಂತಿದ್ದರು. ಸೂಪರಿಂಟೆಂಡೆಂಟರು ಆ ಲಿಸ್ಟಿನ ಏಳೂ ಸಾಲುಗಳನ್ನು ಬೆಡ್ಡು, ರೋಗ, ಎಡಬಲ ಸಮೇತ ಓದಿ, ಒಂದೊಂದಕ್ಕೂ ನೀನು ಏನು ಮಾಡಿದೆ ಎಂದು ಕೇಳಿದರು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದರು. ಮೂರನೆಯ ಸಲವೂ.

ಕಾಕಾ ಹೇಳಬಹುದಾದದ್ದು ಒಂದಿತ್ತು: ಲಿಸ್ಟನ್ನು ನಾನು ಓದಿಲ್ಲ, ಈ ಸಾಹೇಬರು ಓದಿ ಹೇಳಿದರು, ಅವರು ಬಲ ಎಂದರು. ಹಾಗೆ ಹೇಳಿದರೆ ತನಗೆ ಓದಲು ಬರುವುದಿಲ್ಲ ಎಂದೂ ಹೇಳಿದಂತಾಗುತ್ತಿತ್ತು. ಅವರ ಪರ್ಮನೆಂಟ್ ಫೈಲು ಅದೇ ತಿಂಗಳು ಮೇಲೆ ಹೋಗಬೇಕಿತ್ತು. ಓದು ಬಾರದವನು ಇಷ್ಟು ವರ್ಷ ಲಿಸ್ಟು ಹಿಡಿದು ಓಡಾಡಿದ ಎಂದರೆ ಪರ್ಮನೆಂಟ್ ಹಾಗಿರಲಿ, ಇದ್ದ ಕೆಲಸವೂ ಉಳಿಯುತ್ತಿರಲಿಲ್ಲ.

"ಗಲತಿ ಹೋ ಗಯಾ ಸಾಬ್," ಎಂದರು ಕಾಕಾ. ರೋಗಿಯ ಕಾಲ ಕಡೆ ನಿಂತಿದ್ದೆ, ನನ್ನ ಎಡಗೈಯನ್ನೇ ಅವನ ಎಡ ಎಂದು ತಿಳಿದೆ ಎಂದು ವಿವರಿಸಿದರು.

ಚಿಕ್ಕಂದಿನಿಂದ ಎದುರು ಕೂತವರ ಮುಖ ಹಿಡಿದವರು. ಅಂಥವರಿಗೆ ಎದುರಿನವರ ಎಡಬಲ ತಿಳಿಯಲಿಲ್ಲ ಎಂಬುದನ್ನು ನಾನು ಬರೆದುಕೊಂಡೆ. ಟೈಪ್ ಮಾಡಿ ತಂದೆ. ಅವರು ಚಿತ್ರ ಬಿಡಿಸುವ ಹಾಗೆ ಕಲಿತಿದ್ದ ಸಹಿಯನ್ನು ಹಾಕಿದರು.

ಈ ಸಂಗತಿಯನ್ನು ನಾನು ಹಿಂದೆ ಇಬ್ಬರು ಮೂವರಿಗೆ ಹೇಳಿದ್ದೇನೆ. ನಾನು ಸತ್ಯ ಹೇಳಲು ಎದ್ದೆ, ಕಾಕಾ ಕಣ್ಣಿನಲ್ಲೇ ತಡೆದರು ಎಂದು ಸೇರಿಸಿದ್ದೇನೆ. ಹಾಗೇನೂ ಆಗಲಿಲ್ಲ. ಅವರು ನನ್ನ ಕಡೆ ನೋಡಲಿಲ್ಲ. ನಾನು ಏಳಲಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಅವರ ಗುಟ್ಟು ಹೊರಬೀಳುತ್ತಿತ್ತು ಎಂಬುದು ನಿಜ. ನನ್ನ ನೌಕರಿಗೂ ಕುತ್ತು ಬರುತ್ತಿತ್ತು ಎಂಬುದೂ ನಿಜ. ಆ ಕುರ್ಚಿಯಲ್ಲಿ ಕೂತಿದ್ದಾಗ ಇವೆರಡರಲ್ಲಿ ಯಾವುದು ಮೊದಲು ತಲೆಗೆ ಬಂತು ಎಂದು ಕೇಳಿದರೆ, ನನ್ನ ಉತ್ತರವನ್ನು ನೀವು ನಂಬಬೇಕಾಗಿಲ್ಲ.

ಫೈಲು ನಿಂತಿತು. ಒಂದು ವಾರದಲ್ಲಿ ಹೊಸ ನಿಯಮ ಬಂತು: ತಯಾರಿ ಮಾಡುವವನು ಲಿಸ್ಟನ್ನು ತಾನೇ ಓದಿಕೊಳ್ಳಬೇಕು, ಪ್ರತಿ ಬೆಡ್ಡಿನ ಎದುರು ಸಹಿ ಮಾಡಬೇಕು. ಅದನ್ನೂ ನಾನೇ ಓದಿ ಹೇಳಿದೆ.

"ಬಂತು ನೋಡ್ರಿ, ರೇಜರಿಗೆ ಹೊಸಾ ಹಲ್ಲು," ಎಂದರು.

ಆ ದಿನದ ಬಗ್ಗೆ ಅವರು ಆಡಿದ ಮಾತು ಇಷ್ಟೇ. ಮರುದಿನವೂ ನಾಲ್ಕು ಗಂಟೆಗೆ ಬಂದಿದ್ದರು. ನಾನು ಲಿಸ್ಟಿನ ಮೇಲೆ ಬೆರಳಿಟ್ಟು, ಸಾಲು ಸಾಲಾಗಿ, ಶಾಲೆಯ ಹುಡುಗನ ಹಾಗೆ ಓದಿದೆ. ಅವರು ಗೆರೆ ಎಳೆದುಕೊಂಡರು, ಮೂಲೆ ಮಡಿಚಿದರು. ನನಗೆ ತಿಳಿಯಬೇಕಾದದ್ದು ಒಂದೇ: ತಪ್ಪು ಯಾರದೆಂದು ಅವರು ಅಂದುಕೊಂಡಿದ್ದಾರೆ? ನಾನು ಎಡ ಎಂದೇ ಹೇಳಿದ್ದೆ, ತಪ್ಪು ಮೂಲೆ ಮಡಿಚಿದ್ದು ತಾವೇ ಎಂದು ಅವರಿಗೆ ಅನ್ನಿಸಿರಬಹುದಲ್ಲವೆ? ಹಾಗೆ ಅನ್ನಿಸಿರಲಿ ಎಂದು ನಾನು ಬಯಸಿದೆ. ಇದನ್ನು ಯಾವ ಅನುಮಾನವೂ ಇಲ್ಲದೆ ಬರೆಯಬಲ್ಲೆ.

ಅವರು ರೋಗಿಗೆ ಸೋಪು ಹಚ್ಚುವ ಮೊದಲು, "ಹಾಥ್ ರಖ್, ಕಹಾಂ ದುಖತಾ ಹೈ?" ಎಂದು ಕೇಳಿ, ಅವನ ಕೈಯನ್ನೇ ನೋಯುವ ಜಾಗದ ಮೇಲೆ ಇಡಿಸತೊಡಗಿದ್ದಾರೆ ಎಂದು ಒಬ್ಬ ಮಾವ್ಶಿ ಹೇಳಿದಳು. ತಮ್ಮ ಕಿವಿಯ ಮೇಲೆ ಅವರಿಗೆ ನಂಬಿಕೆ ಹೋಗಿದೆ ಎಂದುಕೊಂಡೆ. ನನಗೆ ಹಗುರವೆನಿಸಿತು, ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು. ಹಗುರವಾದದ್ದು ಮೊದಲು.

ಕೆಲವು ದಿನಗಳ ಮೇಲೆ ಅವರು, "ಸಾಹೇಬ್ರ, ಎಡಕ್ಕ ಒಂದು, ಬಲಕ್ಕ ಒಂದು, ಎರಡ ಅಕ್ಷರ ತೋರಸ್ರಿ. ಅಷ್ಟ ಸಾಕು," ಎಂದರು. ಚಾಳೀಸಿನ ಮಾತು ಅಲ್ಲಿಗೆ ಮುಗಿಯಿತು. ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ. ನಾನು ಇಂಗ್ಲಿಷಿನ ಎಲ್ ಮತ್ತು ಆರ್ ಅನ್ನು ದೊಡ್ಡದಾಗಿ ಬರೆದು ತೋರಿಸಿದೆ. ಅವರು ಆ ಕಾಗದವನ್ನು ಹೊಸ ರೇಜರಿನ ಹಾಗೆ ಅತ್ತ ಇತ್ತ ತಿರುಗಿಸಿದರು.

"ಇದಕ್ಕ ಒಂದ ಪಾದ. ನಿಂದ್ರಾಕ ಅಷ್ಟ ಸಾಕು. ಇದಕ್ಕ ಮ್ಯಾಲೆ ಹೊಟ್ಟಿ ಐತಿ, ಭಾರ ಮುಂದ ಬೀಳತೈತಿ, ಅದಕ್ಕ ಮುಂದ ಒಂದು ಕಾಲು ಚಾಚ್ಯಾರ. ಬರೋಬರಿ ಐತಿ."

"ಅಕ್ಷರಕ್ಕ ಹಂಗೆಲ್ಲಾ ಕಾರಣ ಇರೂದಿಲ್ಲ ಕಾಕಾ."

"ಇರದಿದ್ರ ಇಷ್ಟು ದಿನ ಯಾರು ಇಟ್ಕೋತಿದ್ರು?"

ಬರೆಯಲು ಬಾರದಿದ್ದರೂ ಅಂಕಿಗಳನ್ನು ಓದುವುದು ಅವರಿಗೆ ಮೊದಲೇ ಬರುತ್ತಿತ್ತು. ಬಸ್ಸು, ಲೋಕಲ್ಲಿನಲ್ಲಿ ಓಡಾಡುವವರಿಗೆ ಬರಲೇಬೇಕು. ರೋಗಗಳ ಹೆಸರು ಬರಲಿಲ್ಲ, ಅವು ಉದ್ದವಾಗಿದ್ದವು.

ಎರಡು ವರ್ಷ ಕಳೆದಿರಬೇಕು. ಸೂಪರಿಂಟೆಂಡೆಂಟರು ಬದಲಾದರು, ನಿಂತಿದ್ದ ಫೈಲನ್ನು ಹೊಸಬರು ಕೈಗೆತ್ತಿಕೊಂಡರು. ಹೊಸಬರಿಗೆ ನಿಯಮ ಗೊತ್ತಿತ್ತು, ಅದು ಹುಟ್ಟಿದ್ದು ಹೇಗೆಂದು ಗೊತ್ತಿರಲಿಲ್ಲ. ಕಾಕಾನನ್ನು ಒಳಗೆ ಕರೆಸಿ, ನನಗೆ, "ಯಾವುದಾದರೂ ಒಂದು ಹಳೆಯ ಲಿಸ್ಟು ತನ್ನಿ. ಇವರು ಓದಿದರೆ ಇವತ್ತೇ ಸಹಿ ಮಾಡುತ್ತೇನೆ," ಎಂದರು.

ಕಪಾಟು ತೆಗೆದೆ. ವರ್ಷಗಳ ಲಿಸ್ಟುಗಳು ಕಟ್ಟುಕಟ್ಟಾಗಿದ್ದವು. ಯಾವುದನ್ನು ಒಯ್ದರೂ ಅವರು ಬೆಡ್ ನಂಬರು, ಎಡ, ಬಲ ಓದಿ, ರೋಗದ ಹೆಸರಿಗೆ ನಿಂತುಬಿಡುತ್ತಿದ್ದರು. ಒಂದೇ ಒಂದು ಲಿಸ್ಟು ಅವರಿಗೆ ಪೂರ್ತಿ ಗೊತ್ತಿತ್ತು. ವಿಚಾರಣೆಯ ದಿನ ಅವರನ್ನು ನಿಲ್ಲಿಸಿ ಮೂರು ಸಲ ಕೇಳಿಸಿದ್ದ ಲಿಸ್ಟು. ಅದನ್ನು ಹುಡುಕಿ ತೆಗೆದೆ.

ಹೊಸ ಸೂಪರಿಂಟೆಂಡೆಂಟರು ಅದನ್ನು ಮೇಜಿನ ಮೇಲೆ ತಮ್ಮ ಕಡೆಯಿಂದ ಹಾಗೆಯೇ ತಳ್ಳಿದರು. ಕಾಕಾನಿಗೆ ಅದು ತಲೆಕೆಳಗಾಗಿ ಬಂತು. ಅವರು ಕಾಗದವನ್ನು ಒಂದು ಕ್ಷಣ ನೋಡಿ, ತಿರುಗಿಸಿ ಸರಿಯಾಗಿ ಹಿಡಿದರು. ಮೊದಲ ಸಾಲಿಗೆ ಬಂದಾಗ ಅವರಿಗೆ ಗುರುತು ಸಿಕ್ಕಿತೆಂದು ಮುಖದಿಂದ ತಿಳಿಯಿತು, ಅಥವಾ ಈಗ ನನಗೆ ಹಾಗೆ ತಿಳಿಯುತ್ತಿದೆ.

"ಬೆಡ್ ದೋ, ಅಪೆಂಡಿಕ್ಸ್," ಎಂದು ಶುರು ಮಾಡಿದರು. ಅವಸರವಿಲ್ಲ. ಪ್ರತಿ ಸಾಲಿಗೂ ಬೆರಳಿಟ್ಟು ಮುಂದೆ ಹೋದರು. "ಬೆಡ್ ನೌ, ಹರ್ನಿಯಾ, ಡಾವೀ ಬಾಜೂ." ಒಂಬತ್ತನೆಯ ಬೆಡ್ಡು, ಎಡಗಡೆ. ಅಲ್ಲಿ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಏಳೂ ಮುಗಿಸಿ ಕಾಗದವನ್ನು ಮೇಜಿನ ಮೇಲಿಟ್ಟರು. ಸೂಪರಿಂಟೆಂಡೆಂಟರು ಫೈಲಿಗೆ ಸಹಿ ಮಾಡಿದರು.

ಹೊರಗೆ ಪ್ಯಾಸೇಜಿನಲ್ಲಿ ನಾವಿಬ್ಬರೇ ಆದೆವು. ಅವರು ಏನಾದರೂ ಕೇಳಲಿ ಎಂದು ಕಾದೆನೋ, ಕೃತಜ್ಞತೆ ಹೇಳಲಿ ಎಂದು ಕಾದೆನೋ.

"ಬ್ಯಾರೆ ಲಿಸ್ಟು ಇರಲಿಲ್ಲೇನ್ರಿ ಸಾಹೇಬ್ರ?" ಎಂದರು.

"ಇದ್ದವು ಕಾಕಾ. ಇದು ನಿಮಗ ಬಾಯಿಪಾಠ ಇರತದ ಅಂತ ತಂದೆ."

"ಇತ್ರಿ. ಅವತ್ತು ನಿಮಗೂ ಬಾಯಿಪಾಠನ ಇತ್ತಲ್ಲ."

ಅಷ್ಟೇ ಹೇಳಿ ಮುಂದೆ ನಡೆದರು. ನಾನು ಹಿಂದೆ ನಡೆದೆ. ಆಫೀಸಿಗೆ ಬಂದು ಕುರ್ಚಿಯಲ್ಲಿ ಕೂತೆ, ಟೈಪ್‌ರೈಟರಿನಿಂದ ಅಂದಿನ ಲಿಸ್ಟನ್ನು ಎಳೆದು ಮೇಜಿನ ಮೇಲೆ ಹರಡಿದೆ. ಮೊದಲ ಸಾಲಿನ ಮೇಲೆ ಬೆರಳಿಟ್ಟೆ. ಅವರು ಮೇಜಿಗೆ ಆತು ನಿಂತು, ಪೆನ್ಸಿಲಿನ ಮೊನೆಯನ್ನು ಉಗುರಿಗೆ ಒತ್ತಿ ನೋಡಿಕೊಂಡು ಕಾದರು.

"ಓದ್ರಿ," ಎಂದರು. "ವಾರ್ಡಿನ್ಯಾಗ ಮಂದಿ ಅಂಗಿ ಬಿಚ್ಚಿ ಕುಂತಾರ."